ಕೊಂಬೆಯ ಕಾಳು, 40 ಗ್ರಾಂ ಉಪ್ಪು

ಟೋಕಿಯೋದ ಪೂರ್ವ ಭಾಗದಲ್ಲಿರುವ ನಿಶಿ ಕಸಾಯ್‌ನಲ್ಲಿ ನಾವು ಆರು ವರ್ಷ ಬಾಡಿಗೆ ಮನೆಯಲ್ಲಿದ್ದೆವು. ಭಾರತೀಯ ಕುಟುಂಬಗಳು ಹೆಚ್ಚಾಗಿ ನೆಲೆಸಿರುವ ಆ ಬಡಾವಣೆಯಲ್ಲಿ ತೊಗರಿಬೇಳೆಗಾಗಲಿ ಹುಣಸೆಹಣ್ಣಿಗಾಗಲಿ ಬರವಿರಲಿಲ್ಲ. ಸಂಜೆಯ ಹಸಿವಿಗೆ ಏನು ಕೊಡುವುದೆಂಬುದೇ ನನ್ನ ತೊಡಕಾಗಿತ್ತು. ಪತಿ ಕಚೇರಿಯಿಂದ ಬಂದವರೇ ಆಲೂಗಡ್ಡೆ ಚಿಪ್ಸಿನ ಪೊಟ್ಟಣ ಬಿಚ್ಚುತ್ತಿದ್ದರು, ಮಗಳು ಅದರಲ್ಲಿ ಪಾಲು ಕೇಳುತ್ತಿದ್ದಳು. ಮೊದಲ ವರ್ಷದ ಜುಲೈ ತಿಂಗಳಲ್ಲಿ ತರಕಾರಿ ಅಂಗಡಿಯ ಮುಂದೆ ಬಲೆಯ ಚೀಲಗಳಲ್ಲಿ ತುಂಬಿಟ್ಟಿದ್ದ, ಮೈತುಂಬ ಸಣ್ಣ ರೋಮವಿರುವ ಹಸಿರು ಕಾಯಿಗಳನ್ನು ಕಂಡಾಗ, ತುಮಕೂರಿನ ಕಡೆ ಚಳಿಗಾಲದಲ್ಲಿ ಗುಡ್ಡೆ ಹಾಕಿ ಮಾರುವ ಹಸಿ ತೊಗರಿಕಾಯಿಯೇ ಇಲ್ಲಿಗೂ ಬಂದಿದೆಯೇನೋ ಎಂದುಕೊಂಡು ಒಂದು ಚೀಲ ಕೊಂಡುತಂದೆ. ಅದು ತೊಗರಿಯಲ್ಲ, ಎಡಮಾಮೆ ಎಂದು ತಿಳಿದದ್ದು ಮನೆಗೆ ಬಂದು ಚೀಟಿ ಓದಿಸಿಕೊಂಡ ಮೇಲೆ.

ಈ ‘ಎಡ’ ನಮ್ಮ ಎಡಬಲದ ಎಡವಲ್ಲ; ಜಪಾನಿ ಭಾಷೆಯಲ್ಲಿ ಅದಕ್ಕೆ ಕೊಂಬೆ ಎಂದೂ ‘ಮಾಮೆ’ಗೆ ಕಾಳು ಎಂದೂ ಅರ್ಥ. ಬೀದರ್, ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲಿ ರೈತರು ಮುಂಗಾರಿನಲ್ಲಿ ಬೆಳೆಯುವ ಸೋಯಾ ಅವರೆಯೇ ಇದು. ಗಿಡದಲ್ಲಿಯೇ ಒಣಗಿ ಹಳದಿಯಾಗಲು ಬಿಡದೆ, ಕಾಳು ತುಂಬಿಕೊಂಡು ಇನ್ನೂ ಹಸಿರಾಗಿರುವಾಗಲೇ ಕಿತ್ತರೆ ಎಡಮಾಮೆಯಾಗುತ್ತದೆ. ಇದಕ್ಕೆಂದೇ ದಪ್ಪ ಕಾಳಿನ, ಹೆಚ್ಚು ಸಿಹಿಯುಳ್ಳ ತಳಿಗಳನ್ನು ಅಲ್ಲಿ ಆರಿಸಿ ಬೆಳೆಸುತ್ತಾರೆ. ಬೌದ್ಧ ಗುರು ನಿಚಿರೆನ್ 1275ರಲ್ಲಿ ಬರೆದ ಪತ್ರವೊಂದರಲ್ಲಿಯೇ ಈ ಕಾಯಿಯ ಪ್ರಸ್ತಾಪವಿದೆಯಂತೆ. ಜಪಾನಿನ ಎಡೋ ಕಾಲದ (1603–1868) ಬೇಸಿಗೆಯಲ್ಲಿ ಇದನ್ನು ಕೊಂಬೆಯ ಸಮೇತ ಬೇಯಿಸಿ ಬೀದಿಯಲ್ಲಿ ಮಾರುತ್ತಿದ್ದರೆಂದು ಓದಿದಾಗ, ಬೆಂದ ಕಡಲೆಕಾಯಿಯ ಗಾಡಿಯೇ ನನ್ನ ಕಣ್ಣ ಮುಂದೆ ಬಂದಿತು.

ಮೊದಲ ಚೀಲವನ್ನು ನಾನು ಸಂಪೂರ್ಣವಾಗಿ ಕೆಡಿಸಿದೆ. ಅವರೆಕಾಯಿಯನ್ನು ಸುಲಿದು ಅಭ್ಯಾಸವಿದ್ದ ಕೈ ಸುಮ್ಮನಿರದೆ ಹಸಿ ಕಾಯಿಯನ್ನೇ ಸುಲಿಯಲು ಹೋಯಿತು. ಸಿಪ್ಪೆ ಗಟ್ಟಿಯಾಗಿ ಕಾಳಿಗೆ ಅಂಟಿಕೊಂಡಿದ್ದು, ಅರ್ಧ ಗಂಟೆಯಲ್ಲಿ ಒಂದು ಹಿಡಿ ಕಾಳೂ ಬರಲಿಲ್ಲ. ಬೇಸತ್ತು ಉಳಿದ ಕಾಯಿಗಳನ್ನು ಒಂದು ಚಮಚ ಉಪ್ಪಿನೊಂದಿಗೆ ಕುಕ್ಕರಿಗೆ ಹಾಕಿ ಎರಡು ಸೀಟಿ ಕೂಗಿಸಿದೆ. ಮುಚ್ಚಳ ತೆಗೆದಾಗ ಕಾಯಿಗಳೆಲ್ಲ ಬಾಯಿಬಿಟ್ಟು, ಬಣ್ಣ ಕೆಸರಿನ ಹಸಿರಿಗೆ ತಿರುಗಿ, ಕಾಳು ಬೆರಳಿಗೆ ತಾಗಿದರೆ ಹಿಟ್ಟಾಗುವಂತಿತ್ತು. ಎರಡನೆಯ ಬಾರಿ ತೆರೆದ ಪಾತ್ರೆಯಲ್ಲಿ ಬೇಯಿಸಿ, ಹೋಟೆಲಿನವರಂತೆ ಮೇಲೆ ಉಪ್ಪು ಚಿಮುಕಿಸಿದೆ. ಬಣ್ಣವೇನೋ ಉಳಿಯಿತು, ಆದರೆ ತುಟಿಗೆ ಉಪ್ಪು ತಾಗಿದರೂ ಒಳಗಿನ ಕಾಳು ಸಪ್ಪೆಯಾಗಿಯೇ ಇತ್ತು.

ದಾರಿ ತೋರಿಸಿದವರು ಮೇಲಿನ ಮಹಡಿಯಲ್ಲಿದ್ದ ಹಿರಿಯ ಮಹಿಳೆ. ಅವರ ತವರು ಯಮಗಾತಾ ಪ್ರಾಂತ್ಯದ ತ್ಸುರುಓಕಾ. ದಾದಾಚಾಮಾಮೆ ಎಂಬ, ಕಂದು ರೋಮದ, ನಡು ಸಣ್ಣಗಿರುವ, ಬೇಯುವಾಗಲೇ ಘಮವೇಳುವ ತಳಿಗೆ ಆ ಊರು ಪ್ರಸಿದ್ಧ. ಆಗಸ್ಟಿನಲ್ಲಿ ತವರಿನಿಂದ ಬಂದ ಪೆಟ್ಟಿಗೆಯಲ್ಲಿ ನನಗೂ ಒಂದು ಪಾಲು ಕೊಡಲು ಬಂದಾಗ, ‘ಇವತ್ತೇ ಬೇಯಿಸಿಬಿಡಿ, ನಾಳೆಗೆ ಇಡಬೇಡಿ’ ಎಂದು ಎರಡು ಸಲ ಹೇಳಿದರು. ಕಿತ್ತ ಕ್ಷಣದಿಂದಲೇ ಕಾಳಿನಲ್ಲಿರುವ ಸಕ್ಕರೆಯ ಅಂಶ ಇಳಿಯತೊಡಗುತ್ತದೆ. ಬಿಸಿಲಿನ ದಿನವಾದರೆ ಮರುದಿನಕ್ಕೇ ಸಿಹಿ ಹೋಗಿ ಹಸಿ ಹಿಟ್ಟಿನ ರುಚಿ ಉಳಿಯುತ್ತದೆ. ತಮ್ಮ ತವರಿನಲ್ಲಿ ಒಲೆಯ ಮೇಲೆ ನೀರಿಟ್ಟೇ ಹೊಲಕ್ಕೆ ಕಾಯಿ ಕೀಳಲು ಹೋಗುತ್ತಿದ್ದೆವೆಂದು ಅವರು ನಗುತ್ತ ಹೇಳಿದರು. ಅಂದಿನಿಂದ ನಾನು ಬಿಡಿ ಕಾಯಿಯ ಚೀಲಕ್ಕಿಂತ ಕೊಂಬೆಯ ಸಮೇತ ಕಟ್ಟು ಕಟ್ಟಿಟ್ಟದ್ದನ್ನೇ ಹುಡುಕತೊಡಗಿದೆ; ರೋಮ ಒತ್ತಾಗಿದ್ದು, ಸಿಪ್ಪೆ ಎಲ್ಲಿಯೂ ಹಳದಿಯಾಗಿರದೆ, ಕಾಳಿನ ಉಬ್ಬು ಹೊರಗೆ ಸ್ಪಷ್ಟವಾಗಿ ಕಾಣುವಂಥದ್ದನ್ನು ಮಾತ್ರ ತರುತ್ತಿದ್ದೆ.

ಅವರು ಕಲಿಸಿದ ಲೆಕ್ಕ ಸರಳವಾದದ್ದು: 250 ಗ್ರಾಂ ಕಾಯಿಗೆ 1 ಲೀಟರ್ ನೀರು, 40 ಗ್ರಾಂ ಉಪ್ಪು, ಅಂದರೆ ನೀರಿಗೆ ನೂರಕ್ಕೆ ನಾಲ್ಕರಷ್ಟು. ನಮ್ಮ ಕೈ ಅಳತೆಯ ಅಡುಗೆಯಲ್ಲಿ ಬೆಳೆದ ನನಗೆ ಇಷ್ಟು ಉಪ್ಪನ್ನು ತಕ್ಕಡಿಯಲ್ಲಿ ಕಂಡಾಗ ಗಾಬರಿಯೇ ಆಯಿತು. ಆದರೆ ಸಿಪ್ಪೆಯೊಳಗೆ ಕುಳಿತ ಕಾಳು ನಾಲ್ಕೈದು ನಿಮಿಷದಲ್ಲಿ ಉಪ್ಪನ್ನು ಹೀರಬೇಕಾದ್ದರಿಂದ ನೀರು ಅಷ್ಟು ಉಪ್ಪಾಗಿರಲೇಬೇಕು, ಹಾಕಿದ ಉಪ್ಪಿನ ಬಹುಪಾಲು ನೀರಿನೊಂದಿಗೇ ಚೆಲ್ಲಿಹೋಗುತ್ತದೆ.

ಕಾಯಿಯನ್ನು ಒಮ್ಮೆ ತೊಳೆದು, ಕತ್ತರಿಯಿಂದ ಎರಡೂ ತುದಿಗಳನ್ನು ಗೋಧಿ ಕಾಳಿನಷ್ಟು ಉದ್ದ ಕತ್ತರಿಸುತ್ತೇನೆ. ಈ ಕೆಲಸಕ್ಕೆ ಹತ್ತು ನಿಮಿಷ ಬೇಕು, ಬೇಸರದ್ದೇ, ಆದರೂ ಉಪ್ಪುನೀರು ಒಳಗೆ ಇಳಿಯುವ ಬಾಗಿಲು ಅದೇ ಆದ್ದರಿಂದ ನಾನು ಬಿಡುವುದಿಲ್ಲ. ಅನಂತರ 40 ಗ್ರಾಮಿನಲ್ಲಿ ಸುಮಾರು 15 ಗ್ರಾಂ ಉಪ್ಪನ್ನು ಕಾಯಿಗಳ ಮೇಲೆ ಸುರಿದು ಎರಡೂ ಕೈಗಳಿಂದ ಚೆನ್ನಾಗಿ ಉಜ್ಜುತ್ತೇನೆ. ಹರಳುಪ್ಪಾದರೆ ಒಳ್ಳೆಯದು. ಮೊದಲು ಒಣಗಿದ್ದ ಉಪ್ಪು ನಿಮಿಷದೊಳಗೆ ಒದ್ದೆಯಾಗಿ, ರೋಮವೆಲ್ಲ ಉದುರಿ ಅದಕ್ಕೆ ಬೆರೆತು ಬೂದುಹಸಿರು ಬಣ್ಣ ಬರುತ್ತದೆ, ಕಾಯಿಯ ಮೈ ನುಣುಪಾಗಿ ಬಣ್ಣ ಗಾಢವಾಗುತ್ತದೆ. ಬೆರಳಿಗೆ ಕತ್ತರಿ ತಾಗಿದ್ದರೆ ಅದೂ ಆಗಲೇ ಗೊತ್ತಾಗುತ್ತದೆ. ಹತ್ತು ನಿಮಿಷ ಹಾಗೆಯೇ ಬಿಟ್ಟು, ತೊಳೆಯದೆ, ಉಳಿದ 25 ಗ್ರಾಂ ಉಪ್ಪು ಹಾಕಿದ ನೀರು ಕೊತಕೊತ ಕುದಿಯುವಾಗ ಸುರಿಯುತ್ತೇನೆ. ಮುಚ್ಚಳ ಮುಚ್ಚುವುದಿಲ್ಲ, ಏಕೆಂದರೆ ಬೇಯುವಾಗ ತರಕಾರಿಯಿಂದ ಹೊರಬರುವ ಆಮ್ಲದ ಅಂಶ ಹಬೆಯೊಂದಿಗೆ ಹೋಗದಿದ್ದರೆ ಹಸಿರು ಮಂಕಾಗುತ್ತದೆ. ಕುಕ್ಕರಿನಲ್ಲಿ ನನ್ನ ಕಾಯಿ ಕೆಸರಿನ ಬಣ್ಣಕ್ಕೆ ತಿರುಗಿದ್ದಕ್ಕೆ ಇದೂ ಹೆಚ್ಚು ಬೆಂದದ್ದೂ ಕಾರಣ.

ಮೂರನೆಯ ನಿಮಿಷಕ್ಕೆ ಒಂದು ಕಾಯಿ ತೆಗೆದು ತಿಂದು ನೋಡಬೇಕು. ಹಲ್ಲಿಗೆ ತುಸು ಗಟ್ಟಿಯೆನಿಸಿ, ಹಸಿವಾಸನೆ ಮಾತ್ರ ಹೋಗಿರಬೇಕು. ಸಾಮಾನ್ಯವಾಗಿ ನಾಲ್ಕು ನಿಮಿಷಕ್ಕೆ ಈ ಹದ ಬರುತ್ತದೆ, ಐದು ದಾಟಿದರೆ ಮೆತ್ತಗಾಗುತ್ತದೆ. ಕೂಡಲೇ ಜರಡಿಗೆ ಬಸಿದು, ಅಗಲವಾದ ತಟ್ಟೆಯಲ್ಲಿ ಹರಡಿ ಬೀಸಣಿಗೆಯಿಂದ ಗಾಳಿ ಹಾಕುತ್ತೇನೆ. ಬಣ್ಣ ಉಳಿಯಲೆಂದು ಕೆಲವರು ತಣ್ಣೀರಿಗೆ ಹಾಕುವುದುಂಟು. ನಾನೂ ಒಮ್ಮೆ ಹಾಗೆ ಮಾಡಿ, ಕತ್ತರಿಸಿದ ತುದಿಗಳಿಂದ ನೀರು ಒಳಹೊಕ್ಕು, ಅಷ್ಟು ಶ್ರಮಪಟ್ಟು ಇಳಿಸಿದ ಉಪ್ಪನ್ನೆಲ್ಲ ಕಳೆದುಕೊಂಡೆ.

ಮರುವರ್ಷ ಮಾವನವರು ತುಮಕೂರಿನಿಂದ ಬಂದಿದ್ದರು. ತಟ್ಟೆಯನ್ನು ಮುಂದಿಟ್ಟು, ತಿನ್ನುವ ಕ್ರಮ ಹೇಳಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ‘ತೊಗರಿಕಾಯಿ ಸಿಕ್ತೇನಮ್ಮ ಇಲ್ಲಿ?’ ಎನ್ನುತ್ತ ಕಾಯಿಯನ್ನು ತುಟಿಗಿಟ್ಟು, ಹಲ್ಲಿನಿಂದ ಒತ್ತಿ ಎಳೆದು, ಖಾಲಿ ಸಿಪ್ಪೆಯನ್ನು ಪಕ್ಕಕ್ಕೆ ಇಟ್ಟುಬಿಟ್ಟರು. ಬೆರಳಿನಿಂದ ಒತ್ತಿ ತಿನ್ನಲು ಹೋದ ನನ್ನ ಪತಿಯ ಕಾಳು ಮಾತ್ರ ಹಾರಿ ಅವರ ಕನ್ನಡಕಕ್ಕೆ ಬಡಿಯಿತು. ಸಿಪ್ಪೆಯನ್ನು ತಿನ್ನುವಂತಿಲ್ಲ, ಎಷ್ಟು ಬೆಂದರೂ ಅದು ನಾರಾಗಿಯೇ ಇರುತ್ತದೆ. ಹೀಗೆ ಒಂದೊಂದೇ ಕಾಯಿ ಬಿಡಿಸಿ ತಿನ್ನಬೇಕಾದ್ದರಿಂದ ಚಿಪ್ಸಿನಂತೆ ಮುಷ್ಟಿಗಟ್ಟಲೆ ಬಾಯಿಗೆ ಹೋಗುವುದಿಲ್ಲ. ನಮ್ಮ ಮನೆಯಲ್ಲಿ ಚಿಪ್ಸಿನ ಪೊಟ್ಟಣ ಕಡಿಮೆಯಾಗಲು ಪೋಷಕಾಂಶಕ್ಕಿಂತ ಈ ನಿಧಾನವೇ ಹೆಚ್ಚು ಕಾರಣವೆಂದು ನನ್ನ ಅನಿಸಿಕೆ.

ಪೋಷಕಾಂಶವೂ ಕಡಿಮೆಯೇನಲ್ಲ. ಬೇಯಿಸಿ ಸುಲಿದ 100 ಗ್ರಾಂ ಕಾಳಿನಲ್ಲಿ ಸುಮಾರು 12 ಗ್ರಾಂ ಪ್ರೋಟೀನ್, 5 ಗ್ರಾಂ ನಾರಿನಂಶ, 120 ಕ್ಯಾಲೊರಿ ಇರುತ್ತವೆ. 250 ಗ್ರಾಂ ಕಾಯಿಗೆ ಸುಮಾರು ಅದರ ಅರ್ಧ ತೂಕದಷ್ಟು ಕಾಳು ಸಿಗುತ್ತದೆ. ಹಸಿ ಸೋಯಾ ಕಾಳಿನಲ್ಲಿ ಪ್ರೋಟೀನ್ ಜೀರ್ಣವಾಗುವುದನ್ನು ತಡೆಯುವ ಅಂಶವಿರುವುದರಿಂದ ಹಸಿಯಾಗಿ ತಿನ್ನಬಾರದು. ಸೋಯಾ ಅಲರ್ಜಿ ಇರುವವರಿಗೆ ಬೇಯಿಸಿದ್ದೂ ಸಲ್ಲದು. ಮಾವನವರಿಗೆ ರಕ್ತದೊತ್ತಡವಿದ್ದು, ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುವುದರಿಂದ, ಅವರ ಪಾಲನ್ನು ನಾನು ಬೇರೆಯಾಗಿ ಬೇಯಿಸುತ್ತಿದ್ದೆ: ಉಜ್ಜಿದ ಉಪ್ಪನ್ನು ಚೆನ್ನಾಗಿ ತೊಳೆದು, ಬರಿಯ ನೀರಿನಲ್ಲಿ ಬೇಯಿಸಿ, ಸುಲಿದ ಕಾಳಿಗೆ ನಿಂಬೆರಸ ಮತ್ತು ಕಾಳುಮೆಣಸಿನ ಪುಡಿ ಬೆರೆಸುತ್ತಿದ್ದೆ. ಅದು ನಮ್ಮ ಪಾಲಿನಷ್ಟು ರುಚಿಯಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು.

ಈಚೆಗೆ ನಾನು ಬಾಣಲೆಯ ಕ್ರಮವನ್ನೂ ಹಿಡಿದಿದ್ದೇನೆ. ಉಪ್ಪು ಉಜ್ಜಿದ 250 ಗ್ರಾಂ ಕಾಯಿಯನ್ನು ಅಗಲವಾದ ಬಾಣಲೆಯಲ್ಲಿ ಹರಡಿ, 100 ಮಿಲಿಲೀಟರ್ ನೀರು ಹಾಕಿ, ಮುಚ್ಚಿ, ಮಧ್ಯಮ ಉರಿಯಲ್ಲಿ ನಾಲ್ಕೈದು ನಿಮಿಷ ಬೇಯಿಸಿ, ಮುಚ್ಚಳ ತೆಗೆದು ಉಳಿದ ನೀರನ್ನು ಹಿಂಗಿಸುವುದು. ಬಣ್ಣ ಸ್ವಲ್ಪ ಮಂಕಾದರೂ ರುಚಿ ನೀರಿಗೆ ಹೋಗದೆ ಕಾಳಿನಲ್ಲಿಯೇ ನಿಲ್ಲುತ್ತದೆ, ಉಪ್ಪೂ ಉಳಿತಾಯ. ಈ ಕ್ರಮದಲ್ಲಿ ಉಜ್ಜಲು ಎರಡು ಚಿಕ್ಕ ಚಮಚ ಉಪ್ಪು ಸಾಕು. ಸಾಸಿವೆ, ಇಂಗು, ತೆಂಗಿನತುರಿ ಹಾಕಿ ಉಸಲಿಯನ್ನೂ ಮಾಡಿ ನೋಡಿದ್ದೇನೆ. ಚೆನ್ನಾಗಿಯೇ ಇತ್ತು, ಆದರೆ ಅದಕ್ಕೆ ಹೆಸರುಕಾಳೂ ಸಾಕಾಗುತ್ತಿತ್ತು, ತಾಜಾ ಎಡಮಾಮೆ ದಂಡವಾಯಿತು ಎನಿಸಿತು.

ಬೆಂಗಳೂರಿಗೆ ಮರಳಿದ ಮೇಲೆ ನನಗೆ ದೊರೆತದ್ದು ದೊಡ್ಡ ಅಂಗಡಿಗಳ ಫ್ರೀಜರಿನಲ್ಲಿರುವ ಹೆಪ್ಪುಗಟ್ಟಿದ ಕಾಯಿ ಮಾತ್ರ. ಅದನ್ನು ಮೊದಲೇ ಅರೆಬೇಯಿಸಿ ಹೆಪ್ಪುಗಟ್ಟಿಸಿರುತ್ತಾರೆ, ಆದ್ದರಿಂದ ಮತ್ತೆ ನಾಲ್ಕು ನಿಮಿಷ ಬೇಯಿಸಿದರೆ ಕೆಟ್ಟಂತೆಯೇ. ಕುದಿಯುವ ನೀರಿನಲ್ಲಿ ಒಂದೂವರೆ ಎರಡು ನಿಮಿಷ ಸಾಕು. ಪೊಟ್ಟಣದ ಮೇಲೆ ಉಪ್ಪು ಸೇರಿಸಲಾಗಿದೆಯೇ ಎಂದು ಓದಿಕೊಂಡು ನೀರಿಗೆ ಉಪ್ಪು ಹಾಕಬೇಕು. ಸುಲಿದ ಕಾಳಿನ ಪೊಟ್ಟಣವೂ ಸಿಗುತ್ತದೆ, ಆದರೆ ನಾನು ಸಿಪ್ಪೆಯಿರುವುದನ್ನೇ ಕೊಳ್ಳುತ್ತೇನೆ.

ಕಳೆದ ಡಿಸೆಂಬರಿನಲ್ಲಿ ಮಾವನವರು ಊರಿನಿಂದ ಒಂದು ಚೀಲ ಹಸಿ ತೊಗರಿಕಾಯಿ ತಂದಾಗ, ಈ ವಿದ್ಯೆಯನ್ನು ಅದರ ಮೇಲೂ ಪ್ರಯೋಗಿಸೋಣವೆನಿಸಿತು. ಅಡುಗೆಮನೆಯ ನೆಲದಲ್ಲಿ ಕತ್ತರಿ ಹಿಡಿದು ಕುಳಿತಿದ್ದ ನನ್ನನ್ನು ಕಂಡು ಅತ್ತೆ ‘ತೊಗರಿಕಾಯಿಗೂ ಚೌರ ಮಾಡ್ತಿದ್ದೀಯೇನೇ?’ ಎಂದರು. ನೀರು, ಉಪ್ಪು ಅದೇ ಅಳತೆ. ಬೇಯಲು ಮಾತ್ರ ಹದಿನೈದು ನಿಮಿಷ ಹಿಡಿಯಿತು. ಅತ್ತೆ ಒಂದು ಕಾಯಿ ಬಿಡಿಸಿ ಬಾಯಿಗೆ ಹಾಕಿಕೊಂಡು, ಏನೂ ಹೇಳದೆ, ಕತ್ತರಿಯನ್ನು ತಾವೇ ತೆಗೆದುಕೊಂಡು ಉಳಿದರ್ಧ ಚೀಲದ ಮುಂದೆ ಕುಳಿತರು.