ಹಳೇ ಬೋಟ್ ಕೊಳ್ಳುವ ಮುಂಚೆ ಹಿಂಭಾಗದ ತಳ ಅಳೆಯಿರಿ

ಉತ್ತರ ಅಮೆರಿಕದ ಮಿಷಿಗನ್, ಈರಿ ಥರದ ದೊಡ್ಡ ಸರೋವರಕ್ಕೆ ಸೆಕೆಂಡ್ ಹ್ಯಾಂಡ್ ಪವರ್‌ಬೋಟ್ ಹುಡುಕುತ್ತಿದ್ದರೆ, ಅದು ಟ್ರೇಲರ್ ಮೇಲಿರುವಾಗಲೇ ಹಿಂದಕ್ಕೆ ಹೋಗಿ ಫೋನಿನ ಲೆವೆಲ್ ಆ್ಯಪ್ ತೆರೆದು, ಫೋನಿನ ಅಂಚನ್ನು ತಳಕ್ಕೆ ಅಡ್ಡಲಾಗಿ ಒತ್ತಿ ಹಿಡಿಯಿರಿ. ತಳ ಎಷ್ಟು ಡಿಗ್ರಿ ಓರೆಯಾಗಿದೆ ಅನ್ನುವುದನ್ನು ನಡು ಏಣಿನ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಅಳೆದು ಸರಾಸರಿ ತೆಗೆಯಿರಿ. ಆಗ ಟ್ರೇಲರ್ ಒಂದು ಕಡೆ ವಾಲಿದ್ದರೂ ಲೆಕ್ಕ ತಪ್ಪುವುದಿಲ್ಲ. ತಳದ ಉದ್ದಕ್ಕೂ ಉಬ್ಬು ಪಟ್ಟಿಗಳಿರುತ್ತವೆ, ಫೋನ್ ಅವುಗಳ ಮೇಲೆ ಕೂರಬಾರದು. 20 ಡಿಗ್ರಿ ಆಸುಪಾಸು ಬಂದರೆ ಬೆಲೆ ಮಾತಾಡಿ. 12–14 ಬಂದರೆ ಅದು ಸಣ್ಣ ಕೆರೆಯ ಬೋಟ್, ಎಷ್ಟೇ ಅಗ್ಗವಾದರೂ ನಾನಂತೂ ಬೇಡ ಅನ್ನುತ್ತೇನೆ. ಮೂತಿ ನೋಡಿ ಮರುಳಾಗಬೇಡಿ, ಅದು ಹೆಚ್ಚಿನ ಬೋಟುಗಳಿಗೆ ಚೂಪಾಗಿಯೇ ಇರುತ್ತದೆ. ಜಾಹೀರಾತಿನ ಫೋಟೋದಲ್ಲಿ ಕಾಣುವುದೂ ಅದೇ ಅಲ್ವಾ! ವೇಗದಲ್ಲಿ ಮೂತಿ ಮೇಲೆದ್ದಿರುತ್ತದೆ, ನೀರಿನ ಏಟು ತಿನ್ನುವುದು ಹಿಂದಿನ ಭಾಗ. ಈರಿಯ ಸರಾಸರಿ ಆಳ ಬರೀ 19 ಮೀಟರ್. ಗಾಳಿ ಎದ್ದರೆ ಕಡಿದಾದ ಅಲೆಗಳು ಒತ್ತೊತ್ತಾಗಿ ಬರುತ್ತವೆ. ಹೆಚ್ಚು ಓರೆಯಿರುವ, ಇಂಗ್ಲಿಷಿನ V ಆಕಾರದ ಆಳವಾದ ತಳ ಅವನ್ನು ಸೀಳುತ್ತದೆ, ಚಪ್ಪಟೆ ತಳ ದಬದಬ ಬಡಿದು ಸೊಂಟ ಮುರಿಯುತ್ತದೆ. ನಿಂತಲ್ಲೇ ಗಾಳ ಹಾಕುವವರಿಗೆ ಮಾತ್ರ ಆಳವಾದ ತಳ ಅಷ್ಟು ಹೊಂದುವುದಿಲ್ಲ, ಇಂಥ ಬೋಟ್ ನಿಂತಾಗ ಜಾಸ್ತಿ ಹೊಯ್ದಾಡುತ್ತದೆ, ಪೆಟ್ರೋಲೂ ಜಾಸ್ತಿ ಕುಡಿಯುತ್ತದೆ. ಜೋಡಿ ತಳದ ಕ್ಯಾಟಮರಾನ್ ಬೋಟ್‌ಗೆ ಈ ಅಳತೆ ನಡೆಯುವುದಿಲ್ಲ. ಇನ್ನೊಂದು, ಎಂಜಿನ್ ಕೂರಿಸಿದ ಹಿಂಗೋಡೆ ಒಳಗೆ ಕೊಳೆತಿದ್ದರೂ ಆ್ಯಪ್ ಸುಮ್ನೆ 20 ತೋರಿಸುತ್ತದೆ. ಔಟ್‌ಬೋರ್ಡ್, ಅಂದರೆ ಹಿಂಗೋಡೆಯ ಹೊರಗೆ ತೂಗುವ ಎಂಜಿನ್ ಆದರೆ, ಅದರ ಕೆಳಗಿನ ಕಾಲು ಹಿಡಿದು ಮೇಲೆ ಕೆಳಗೆ ಅಲುಗಿಸಿ ನೋಡಿ. ಹಿಂಗೋಡೆಯೂ ಜೊತೆಗೆ ಬಾಗಿದರೆ ಅಲ್ಲಿಗೇ ಬಿಡಿ.