ಗುಜರಿಗೆ ಹೋಗಬೇಕಿದ್ದ ಎಂಜಿನ್ ಅರಬೈಲ್ ಘಾಟ್ ಹತ್ತಿತು

ನನ್ನದು 1998ರ ಮಾರುತಿ 800, ಕಾರ್ಬುರೇಟರ್ ಗಾಡಿ. ಹೋದ ವರ್ಷ ಬೇಸಿಗೆಯಲ್ಲಿ ಅಂಕೋಲಾದಿಂದ ಹುಬ್ಬಳ್ಳಿಗೆ ವಾಪಸ್ ಬರುವಾಗ ಅರಬೈಲ್ ಘಾಟಿನಲ್ಲಿ ಹೀಟಾಯಿತು. ಟೆಂಪರೇಚರ್ ಮುಳ್ಳು ಮೇಲೆ ಹೋಗಿದ್ದು ಕಂಡಿತ್ತು. ಇನ್ನೊಂದು ತಿರುವು ದಾಟಿ ನಿಲ್ಲಿಸೋಣ ಅಂತ ಓಡಿಸಿದೆ. ಆ ಒಂದು ತಿರುವಿಗೆ ಎಷ್ಟು ಬಿತ್ತು ಅಂತ ಮುಂದೆ ಹೇಳುತ್ತೇನೆ. ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು, ಅಂದರೆ ಅದಕ್ಕೆ ನೀರು ಸೇರಿತ್ತು.

ಟೋ ಮಾಡಿಸಿ ಉಣಕಲ್ಲಿನ ನನ್ನ ಶೆಡ್‌ಗೆ ತಂದೆ, ಅದಕ್ಕೇ 6,000. ಅವತ್ತೇ ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ ನೋಡಿದೆ. ಒಂದನೇ ಸಿಲಿಂಡರ್ 130 ಪಿಎಸ್‌ಐ ಹತ್ತಿರ, ಎರಡು ಮತ್ತು ಮೂರು 60 ದಾಟಲಿಲ್ಲ. ಒಂದೊಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದರೆ ಮೂರನೇದು 110ಕ್ಕೆ ಏರಿತು, ಎರಡನೇದು ಅಲ್ಲಾಡಲಿಲ್ಲ. ಅಂದರೆ ಎರಡನೇದರಲ್ಲಿ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಗ್ಯಾಸ್ಕೆಟ್ಟೂ ಹೋಗಿದೆ, ಮೂರನೇದರಲ್ಲಿ ಪಿಸ್ಟನ್ ಓಡಾಡುವ ಬೋರೂ ಸವೆದು ಹೋಗಿದೆ.

ಪರಿಚಯದ ಮೆಕ್ಯಾನಿಕ್ ಬಂದು ಬಾನೆಟ್ ಮೇಲೆ ಕೈ ಇಟ್ಟು, "ಬ್ಯಾಡ್ರಿ ಅಣ್ಣಾರ, ಇಷ್ಟ ಹಳೇ ಗಾಡಿಗೆ ಯಾಕ ರೊಕ್ಕಾ ಸುರೀತೀರಿ? ಗುಜರಿ ಎಂಜಿನ್ ಕೂಡ್ಸಿ ಓಡಸ್ರಿ" ಅಂದ. ಇನ್ನೊಬ್ಬರು ಇಡೀ ಗಾಡಿಗೆ 22,000 ಕೊಡುತ್ತೇನೆ ಅಂದರು. ಆದರೆ 2023ರಲ್ಲಷ್ಟೇ 5,000 ಫೀ ಕಟ್ಟಿ, ಗ್ರೀನ್ ಟ್ಯಾಕ್ಸ್ ಬೇರೆ ಕೊಟ್ಟು ಆರ್‌ಸಿ ಐದು ವರ್ಷಕ್ಕೆ ರಿನ್ಯೂ ಮಾಡಿಸಿದ್ದೆ. ಗಾಡಿಯ ಬಾಡಿ ತುಕ್ಕು ಹಿಡಿದಿಲ್ಲ. ಕೊಡಲು ಮನಸ್ಸಾಗಲಿಲ್ಲ.

ಗುಜರಿ ಎಂಜಿನ್ ತಂದಿದ್ದೇ ನನ್ನ ಮೊದಲ ತಪ್ಪು. 15,000 ಕೊಟ್ಟೆ. ಅಲ್ಲೇ ಸ್ಟಾರ್ಟ್ ಮಾಡಿ ತೋರಿಸಿದರು, ಸದ್ದು ರೇಷ್ಮೆ ಹಾಗಿತ್ತು. ತಂದು ಕೂರಿಸಿ ಆಯಿಲ್ ಇಳಿಸಿದರೆ ಜೋನಿಬೆಲ್ಲದ ಹಾಗೆ ಬಿತ್ತು. ಗಟ್ಟಿ ಆಯಿಲ್ ಹಾಕಿ ಬೇರಿಂಗ್ ಸದ್ದು ಮುಚ್ಚಿಟ್ಟಿದ್ದರು. ಸರಿಯಾದ ಆಯಿಲ್ ಹಾಕಿ ನಾನೂರು ಕಿಲೋಮೀಟರ್ ಓಡಿಸುವಷ್ಟರಲ್ಲಿ ಐಡಲ್‌ನಲ್ಲಿ ಆಯಿಲ್ ಲೈಟ್ ಮಿನುಗತೊಡಗಿತು, ಕೆಳಗೆ ಕಟಕಟ ಶುರು. ಬಿಲ್ ಕೇಳಿದರೆ ಅದೂ ಇಲ್ಲ. ಬಿಲ್ ಇಲ್ಲದೆ ಹೊಸ ಎಂಜಿನ್ ನಂಬರನ್ನು ಆರ್‌ಸಿಗೆ ಏರಿಸುವುದು ಹೇಗೆ? ಜಗಳ ಆಡಿ ವಾಪಸ್ ಕೊಟ್ಟೆ, ಬಂದದ್ದು 7,000.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. ಓಮ್ನಿಯದೂ ಅದೇ 796 ಸಿಸಿ ಮೂರು ಸಿಲಿಂಡರ್ ಅಲ್ವಾ ಅಂತ 4,000ಕ್ಕೆ ಒಂದು ಹಾಫ್ ಎಂಜಿನ್ (ಹೆಡ್ ಇಲ್ಲದ್ದು) ತಂದೆ. ಓಮ್ನಿಯಲ್ಲಿ ಎಂಜಿನ್ ಸೀಟಿನ ಕೆಳಗೆ ಉದ್ದಕ್ಕೆ ಇರುತ್ತದೆ, 800ರಲ್ಲಿ ಅಡ್ಡಕ್ಕೆ. ಕೆಳಗೆ ಆಯಿಲ್ ನಿಲ್ಲುವ ಸಂಪ್ ಬೇರೆ, ಎಂಜಿನ್ ಕೂರಿಸುವ ಮೌಂಟಿಂಗ್ ಬೇರೆ. ಎರಡು ಭಾನುವಾರ ಸುಮ್ನೆ ಹೋದವು. ಅದನ್ನು ಓಮ್ನಿ ಇಟ್ಟುಕೊಂಡವರಿಗೇ ಕೊಂಡ ರೇಟಿಗೆ ದಾಟಿಸಿದೆ. ಒಂದು ಪೈಸೆ ಲಾಸ್ ಇಲ್ಲ!

ಕೊನೆಗೆ ಮೂಲೆಯಲ್ಲಿ ಬಿದ್ದಿದ್ದ ನನ್ನದೇ ಎಂಜಿನ್ ಬಿಚ್ಚಿದೆ. ಹೆಡ್ ಮೇಲೆ ಸ್ಟ್ರೇಟ್ ಎಡ್ಜ್ ಇಟ್ಟರೆ 0.15 ಮಿಲಿಮೀಟರಿನ ಫೀಲರ್ ಗೇಜ್ ಪಟ್ಟಿ ಆರಾಮಾಗಿ ತೂರಿತು, ಅಂದರೆ ಹೆಡ್ ಬಾಗಿತ್ತು. ಬೋರ್ ಗೇಜ್ ಹಾಕಿದರೆ ಮೂರನೇ ಸಿಲಿಂಡರಿನ ಹೋಲ್ ಮೇಲ್ಭಾಗದಲ್ಲಿ 0.12 ಮಿಲಿಮೀಟರ್ ಸವೆದಿತ್ತು. ಬ್ಲಾಕ್ ಬಿರುಕು ಬಿಟ್ಟಿರಲಿಲ್ಲ. ಅಷ್ಟು ಸಾಕು ಅನ್ನಿಸಿತು. ಬ್ಲಾಕ್ ನನ್ನದೇ ಇದ್ದರೆ ನಂಬರ್ ಬದಲಾಗುವುದಿಲ್ಲ, ಆರ್‌ಟಿಓ ಓಡಾಟವೂ ಇಲ್ಲ.

ಇಲ್ಲೂ ಎಡವಿದೆ. ಪಿಸ್ಟನ್ ಕೈಗೆ ಬರುವ ಮೊದಲೇ 0.25 ಓವರ್‌ಸೈಜ್‌ಗೆ, ಅಂದರೆ ಅಷ್ಟು ಮಿಲಿಮೀಟರ್ ಅಗಲ ಮಾಡಿ, ಬೋರ್ ಮಾಡಿಸಿಬಿಟ್ಟೆ. ಪಿಸ್ಟನ್ ತಂದು ಇಳಿಸಿದರೆ ಒಂದು ಹೋಲ್‌ನಲ್ಲಿ ಗಡಗಡ ಲೂಸು. ಮತ್ತೆ 0.50ಕ್ಕೆ ಹೋಗಬೇಕಾಯಿತು. ಈ ಸಲ ಪಿಸ್ಟನ್‌ಗಳನ್ನು ಲೇತ್‌ನವರ ಕೈಗೇ ಕೊಟ್ಟು, ಒಂದೊಂದನ್ನೂ ಅಳೆದು, ಎದುರಿಗೇ ನಿಂತು ಮಾಡಿಸಿದೆ. ಯಾವ ಲೇತ್ ಅಂತ ಕೇಳಬೇಡಿ, ಈಗಲೇ ಅಲ್ಲಿ ಒಂದು ವಾರ ಕಾಯಬೇಕು. 68.5ರ ಬೋರ್ 69 ಆಯಿತು. ಲೆಕ್ಕ ಹಾಕಿದರೆ ಗಾಡಿ ಈಗ 808 ಸಿಸಿ. ಆರ್‌ಸಿಯಲ್ಲಿ ಮಾತ್ರ 796.

ಜೋಡಿಸಿ ಮೂರನೇ ದಿನಕ್ಕೆ ಹೊಸ ಗ್ಯಾಸ್ಕೆಟ್ ಪಕ್ಕದಿಂದ ನೀರು ಜಿನುಗಿತು. ತಲೆ ಕೆಟ್ಟುಹೋಯಿತು. ಟಾರ್ಕ್ ರೆಂಚ್ ಹಾಕಿಯೇ ಟೈಟ್ ಮಾಡಿದ್ದೆ. ಬಿಚ್ಚಿ ನೋಡಿದರೆ ಒಂದು ಹೆಡ್ ಬೋಲ್ಟ್ ತೂತಿನ ತಳದಲ್ಲಿ ಹಳೇ ಆಯಿಲ್ ನಿಂತಿತ್ತು. ಬೋಲ್ಟ್ ಅದನ್ನು ಒತ್ತಿ ನಿಂತು ರೆಂಚ್ ಕ್ಲಿಕ್ ಅಂದಿದೆ, ಹೆಡ್ ಕೂತೇ ಇಲ್ಲ. ಎಲ್ಲ ತೂತುಗಳಿಗೂ ಗಾಳಿ ಹೊಡೆದು, ಬಟ್ಟೆ ತೂರಿಸಿ ಒರೆಸಿ, ಮತ್ತೊಂದು ಗ್ಯಾಸ್ಕೆಟ್ ಹಾಕಿದೆ. ಆಗ ಇನ್ನೊಂದು ಕೆಲಸವನ್ನೂ ಮಾಡಿದೆ, ಅದು ನನ್ನ ಹತ್ತಿರವೇ ಇರಲಿ.

ಹೀಟಾದದ್ದಕ್ಕೆ ಮೂಲ ಕಾರಣ ರೇಡಿಯೇಟರ್. ವರ್ಷಗಟ್ಟಲೆ ಬೋರ್‌ವೆಲ್ ನೀರು ತುಂಬಿದ್ದು ನಾನೇ. ಬಿಚ್ಚಿ ಒಂದು ಬಕೆಟ್ ನೀರು ಸುರಿದರೆ ಕೆಳಗೆ ಮಗು ಉಚ್ಚೆ ಹೊಯ್ದಷ್ಟು ಸಣ್ಣ ಧಾರೆ. ಹೊಸದು ಹಾಕಿದೆ, ಕೂಲಂಟ್ ತುಂಬಿದೆ. ಇಪ್ಪತ್ತು ಪರ್ಸೆಂಟ್ ಎಥೆನಾಲ್ ಪೆಟ್ರೋಲಿಗೆ ಹೆದರಿ ಹಳೇ ರಬ್ಬರ್ ಪೈಪುಗಳನ್ನೂ ಬದಲಿಸಿದೆ.

ಖರ್ಚು ನೆನಪಿದ್ದಷ್ಟು ಹೇಳುತ್ತೇನೆ. ಪಿಸ್ಟನ್ ರಿಂಗ್ 4,000ದ ಒಳಗೆ, ಬೋರಿಂಗ್ ಎರಡು ಸಲದ್ದು ಸೇರಿ 3,000, ಕ್ರ್ಯಾಂಕ್ ಮತ್ತು ಬೇರಿಂಗ್ 2,200, ಹೆಡ್ ಕೆಲಸ 2,000, ಎರಡು ಪಂಪ್ 2,300, ರೇಡಿಯೇಟರ್ 3,000. ಗ್ಯಾಸ್ಕೆಟ್, ಬೆಲ್ಟ್, ಆಯಿಲ್ ಎಲ್ಲ ಸೇರಿ 20,000 ದಾಟಿತು. ಗುಜರಿಯವರಿಗೆ ಕೊಟ್ಟು ಕಳೆದುಕೊಂಡ 8,000 ಬೇರೆ.

ಮೊದಲ ಸಾವಿರ ಕಿಲೋಮೀಟರ್ ಐವತ್ತರ ಮೇಲೆ ಹೋಗಲಿಲ್ಲ. ದಿನಾ ಬೆಳಗ್ಗೆ ಗದಗ ರೋಡಿನಲ್ಲಿ ಅಣ್ಣಿಗೇರಿವರೆಗೆ ಹೋಗಿ ಬರುತ್ತಿದ್ದೆ. ಹಾರ್ನ್ ಹೊಡೆದು ಬೈದವರು ಎಷ್ಟೋ ಜನ. ಈಗ ಒಂಬತ್ತು ಸಾವಿರ ಆಗಿದೆ, ನಡುವೆ ಆಯಿಲ್ ಟಾಪ್ ಮಾಡಿಲ್ಲ. ಡಿಸೆಂಬರಿನಲ್ಲಿ ನಾಲ್ಕು ಜನ ಕೂತು ಅರಬೈಲ್ ಹತ್ತಿದೆವು. ಮುಳ್ಳು ಅರ್ಧ ದಾಟಲಿಲ್ಲ. ಹಿಂದೆ ಗಾಡಿ ನಿಂತಿದ್ದ ತಿರುವಿನಲ್ಲಿ ಬೇಕಂತಲೇ ನಿಲ್ಲಿಸಿ, ಚಹಾ ಫ್ಲಾಸ್ಕ್ ತೆಗೆದು ಕುಡಿದು ಹೊರಟೆವು.

22,000ಕ್ಕೆ ಕೇಳಿದ್ದರಲ್ಲ, ಅವರದೇ ಝೆನ್ ಈಗ ನನ್ನ ಶೆಡ್ ಮುಂದೆ ನಿಂತಿದೆ. "ನಿಮ್ಮ ಗಾಡಿಗೆ ಮಾಡಿದಂಗ ಮಾಡಿಕೊಡ್ರಿ" ಅಂದರು. ಬಿಚ್ಚಿ, ಅಳೆದು ನೋಡಿದೆ. ಅದು ಮಾತ್ರ ಗುಜರಿಗೇ.