ಇನ್ವರ್ಟರ್ ತರಲು ಹೋಗುವಾಗ ಜೇಬಲ್ಲಿ ರೇಡಿಯೊ ಇರಲಿ

ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಕಿನ್ನಿಮುಲ್ಕಿಯ ನಮ್ಮ ಓಣಿಗೆ ಕರೆಂಟ್ ಇರಲಿಲ್ಲ. ಗುಡುಗು ನಿಂತಿತ್ತು. ನಾನು ಖುಷಿಯಲ್ಲಿ ಆಂಟೆನಾ ಸಿಕ್ಕಿಸಿದೆ. ರೇಡಿಯೊದಲ್ಲಿ ಟಿವಿ, ಚಾರ್ಜರ್ ಗಲಾಟೆ ಇಲ್ಲದ ರಾತ್ರಿ ನಮ್ಮಂಥ ಹ್ಯಾಮ್‌ಗಳಿಗೆ, ಅಂದರೆ ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡುವವರಿಗೆ, ಹಬ್ಬ ಅಲ್ವಾ? ಆದರೆ ನಾವು ಮಾತಾಡುವ 7 ಮೆಗಾಹರ್ಟ್ಸ್ ಬ್ಯಾಂಡಿನ ತುಂಬಾ ಜುಂಯ್ ಸದ್ದು. ನನ್ನದೇ ಮನೆಯ ಹೊಸ ಇನ್ವರ್ಟರ್!

ಡಬ್ಬದ ಮೇಲೆ 'ಪ್ಯೂರ್ ಸೈನ್ ವೇವ್' ಅಂತ ಇತ್ತು. ಅದು ಹೊರಬರುವ ಕರೆಂಟಿನ ಆಕಾರ ಮಾತ್ರ, ಮಾರಾಯ್ರೆ. ಆ ಆಕಾರ ಬರಲು ಒಳಗಿನ ಟ್ರಾನ್ಸಿಸ್ಟರ್‌ಗಳು ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಆಗುತ್ತವೆ. ಒಳ್ಳೆಯ ಫಿಲ್ಟರ್ ಇಲ್ಲದಿದ್ದರೆ ಆ ಸದ್ದು ವೈರ್ ಹಿಡಿದು ಹೊರಬರುತ್ತದೆ. ಹಾಗಂತ ಸ್ಕ್ವೇರ್ ವೇವ್ ತರಬೇಡಿ, ಅದು ಇನ್ನೂ ಗದ್ದಲ.

ಹಾಗಾಗಿ ಅಂಗಡಿಗೆ ಸಣ್ಣ ಎಎಂ ರೇಡಿಯೊ ಒಯ್ಯಿರಿ. ಎಫ್‌ಎಂನಲ್ಲಿ ಈ ಸದ್ದು ಅಷ್ಟಾಗಿ ಕೇಳುವುದಿಲ್ಲ. ಜೋರಾಗಿ ಬರುವ ಸ್ಟೇಷನ್ನೂ ಬೇಡ, ಅದರಡಿ ಎಲ್ಲ ಮುಚ್ಚಿಹೋಗುತ್ತದೆ. ಎರಡು ಸ್ಟೇಷನ್‌ಗಳ ನಡುವೆ ಬರೀ ಸುಯ್ ಅನ್ನುವ ಜಾಗ ಹುಡುಕಿ. ಮೊದಲು ಇನ್ವರ್ಟರ್ ಆಫ್ ಇರುವಾಗ ಕೇಳಿ, ಅಂಗಡಿಯ ಲೈಟುಗಳದ್ದೇ ಸದ್ದು ಎಷ್ಟುಂಟು ಗೊತ್ತಾಗುತ್ತದೆ. ಆಮೇಲೆ ಚಾರ್ಜ್ ಆಗುವಾಗ ಕೇಳಿ. ಕೊನೆಗೆ ಪ್ಲಗ್ ಕೀಳಿಸಿ, ಫಿಲಮೆಂಟ್ ಬಲ್ಬು ಹಾಕಿಸಿ ಕೇಳಿ. ಎಲ್‌ಇಡಿ ಬಲ್ಬು ಹಾಕಿದರೆ ಯಾರ ಸದ್ದು ಯಾವುದು ಗೊತ್ತಾಗದು. ಅಂಗಡಿಯವರು ನಗಬಹುದು, ನಗಲಿ. ರೇಡಿಯೊವನ್ನು ವೈರಿನ ಉದ್ದಕ್ಕೂ ಸರಿಸಿ. ಎರಡು ಮಾರು ದೂರದಲ್ಲೂ ಸದ್ದು ಬಂದರೆ ಸುಮ್ನೆ ಬಿಟ್ಟುಬನ್ನಿ.

'ಆನ್‌ಲೈನ್' ಅನ್ನುವ ಮಾದರಿಯ ಯುಪಿಎಸ್ ಮನೆಗೆ ಬೇಡ. ಅದು ಕರೆಂಟ್ ಇದ್ದಾಗಲೂ ದಿನವಿಡೀ ಸ್ವಿಚಿಂಗ್ ಮಾಡುತ್ತಿರುತ್ತದೆ. 'ಲೈನ್-ಇಂಟರಾಕ್ಟಿವ್' ಮಾದರಿ ಆದರೆ ಕರೆಂಟ್ ಹೋದಾಗಲೇ ಇನ್ವರ್ಟರ್ ಕೆಲಸ.

ಹ್ಯಾಮ್ ರೇಡಿಯೊ ಸೆಟ್ಟಿಗಂತೂ ಇನ್ವರ್ಟರೇ ಬೇಡ. 12 ವೋಲ್ಟ್ ಬ್ಯಾಟರಿಯಿಂದ ನೇರ ವೈರ್ ಎಳೆಯಿರಿ, ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ. 100 ವಾಟ್ ಸೆಟ್ ಮಾತಾಡುವಾಗ ಸುಮಾರು 20 ಆಂಪಿಯರ್ ಎಳೆಯುತ್ತದೆ, ಸಣ್ಣ ವೈರ್ ಸಾಲದು. ಇನ್ವರ್ಟರ್ ಬ್ಯಾಟರಿಯನ್ನೇ ಹಂಚಿಕೊಂಡರೆ ಸದ್ದೂ ಜೊತೆಗೆ ಬರುತ್ತದೆ, ಬೇರೆ ಬ್ಯಾಟರಿ ಇಡಿ.

ಈಗಾಗಲೇ ತಂದಾಗಿದೆಯಾ? ಸದ್ದು ತಡೆಯುವ ದೊಡ್ಡ ಫೆರೈಟ್ ರಿಂಗಿಗೆ ವೈರನ್ನು ಎಂಟ್ಹತ್ತು ಸುತ್ತು ಸುತ್ತಿ, ಒಳಬರುವ ಕಡೆ ಒಂದು, ಹೊರಹೋಗುವ ಕಡೆ ಒಂದು. ರಿಂಗ್ 31ನೇ ಮಿಕ್ಸ್‌ನದ್ದಾಗಿರಲಿ, ಮಿಕ್ಸ್ ಅಂದರೆ ಫೆರೈಟಿನ ಬಗೆ. ಸದ್ದು ಹೋಗಲಿ ಅಂತ ಅರ್ತಿಂಗ್ ಮಾತ್ರ ಕೀಳಬೇಡಿ. ನಾನು ರಿಂಗ್ ಹಾಕಿ, ಇನ್ವರ್ಟರನ್ನು ಮೆಟ್ಟಿಲ ಕೆಳಗೆ ಸಾಗಿಸಿದೆ. ಜುಂಯ್ ಅರ್ಧಕ್ಕಿಳಿಯಿತು. ಉಳಿದರ್ಧ ಅಮ್ಮನ ಫ್ಯಾನ್ ಆಫ್ ಆಗುವವರೆಗೆ ಇರುತ್ತದೆ.